ಅಮೆರಿಕದ ರಾಕ್ ತಂಡ ಆರ್‌ಇಎಮ್‌ನ ‘ಆಟೋಮ್ಯಾಟಿಕ್ ಫಾರ್ ದ ಪೀಪಲ್’ ಆಲ್ಬಮ್ಮನ್ನು ಜನ ಇವತ್ತಿಗೂ ಯಾಕೆ ಕೇಳುತ್ತಾರೆ?

ನೀವು ಎರಡು ಮಾತು ಎತ್ತಿದ್ದೀರಿ. 1992ರ ಈ ಆಲ್ಬಮ್ಮನ್ನು ನಮ್ಮ ವಯಸ್ಸಿನವರು ಹೊಗಳುವುದು ಬರೀ ಹರೆಯದ ನೆನಪಿನ ಮೋಹದಿಂದಲೇ ಎಂಬುದು ಒಂದು. ‘ಎವ್ರಿಬಡಿ ಹರ್ಟ್ಸ್’ ಬಿಟ್ಟರೆ ಮಿಕ್ಕ ಹಾಡುಗಳು ನಿಮಗೆ ತೀರಾ ನಿಧಾನ ಅನ್ನಿಸಿದವಲ್ಲ, ಅದು ಇನ್ನೊಂದು. ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಇದು ನಿಧಾನದ ಆಲ್ಬಮ್ಮೇ. ಇಷ್ಟು ವರ್ಷ ಬಾಳಿದ ಗುಟ್ಟೂ ಆ ನಿಧಾನದಲ್ಲೇ ಇದೆ ಎಂದು ನನ್ನ ನಂಬಿಕೆ.

ಅದು ಬಂದ ಕಾಲ ನೋಡಿ. ಹಿಂದಿನ ವರ್ಷವಷ್ಟೇ ನಿರ್ವಾಣ ತಂಡದ ‘ನೆವರ್‌ಮೈಂಡ್’ ಬಂದು, ಅಮೆರಿಕದ ಆಲ್ಟರ್ನೇಟಿವ್ ರಾಕ್ ಎಂದರೆ ಕಿರುಚುವ ಗಿಟಾರ್ ಮತ್ತು ಬಡಿಯುವ ಡ್ರಮ್ಸ್ ಎಂದಾಗಿತ್ತು. ಆರ್‌ಇಎಮ್‌ನವರಿಗೆ ಅದೇ ದಾರಿಯಲ್ಲಿ ಓಡುವುದು ಸುಲಭವಿತ್ತು. ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ 1980ರಲ್ಲಿ ಹುಟ್ಟಿ, ಕಾಲೇಜು ರೇಡಿಯೊಗಳ ಮೂಲಕ ಬೆಳೆದು, ಮುಂದಿನವರಿಗೆ ದಾರಿ ಮಾಡಿಕೊಟ್ಟ ತಂಡ ಅದು. ಮುಂದಿನದು ಜೋರಾದ ರಾಕ್ ಆಲ್ಬಮ್ ಆಗಬೇಕೆಂಬ ಮಾತು ಅವರಲ್ಲೂ ಇತ್ತು. ಆದರೆ ಹೊರಬಂದದ್ದು ಅಕೂಸ್ಟಿಕ್ ಗಿಟಾರ್, ಪಿಯಾನೊ, ಚೆಲ್ಲೊ, ಪಿಟೀಲುಗಳ ಹನ್ನೆರಡು ಹಾಡುಗಳು. ಅವುಗಳಲ್ಲಿ ಹೆಚ್ಚಿನವು ಸಾವು, ಮುಪ್ಪು, ಕಳೆದುಹೋದ ದಿನಗಳ ಸುತ್ತ ಸುತ್ತುವಂಥವು. ಆಗ ಆ ನಾಲ್ವರೂ ಮೂವತ್ತರ ಆಚೀಚೆ ಇದ್ದವರು. ಗಾಯಕ ಮೈಕಲ್ ಸ್ಟೈಪ್‌ಗೆ 32, ಎಲ್ಲರಿಗಿಂತ ಹಿರಿಯ ಗಿಟಾರ್ ವಾದಕ ಪೀಟರ್ ಬಕ್‌ಗೆ 35. ಅಂಥ ವಯಸ್ಸಿನಲ್ಲಿ, ಅಂಥ ಗದ್ದಲದ ನಡುವೆ, ದನಿ ತಗ್ಗಿಸಿ ಸಾವಿನ ಬಗ್ಗೆ ಹಾಡುವುದಕ್ಕೆ ಧೈರ್ಯ ಬೇಕು. ಗದ್ದಲದ ನಾಯಕನಿಗೇ ಅದು ತಟ್ಟಿತ್ತು: ನಿರ್ವಾಣದ ಮುಂದಿನ ಆಲ್ಬಮ್ ಆರ್‌ಇಎಮ್‌ನ ಕಳೆದ ಆಲ್ಬಮ್ಮಿನಂತೆ, ಅಂದರೆ ಇದರಂತೆಯೇ, ಮೆದುವಾಗಿ, ಅಕೂಸ್ಟಿಕ್ ಆಗಿ ಇರುತ್ತದೆ ಎಂದು ಆ ತಂಡದ ಗಾಯಕ ಕರ್ಟ್ ಕೊಬೇನ್ 1994ರ ಆರಂಭದಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಹೇಳಿದ್ದ. ಆ ಆಲ್ಬಮ್ ಬರಲೇ ಇಲ್ಲ. ಅದೇ ಏಪ್ರಿಲ್‌ನಲ್ಲಿ ಅವನು ತೀರಿಕೊಂಡ.

ನಿಮಗೆ ಹಿಡಿಸಿದ ಹಾಡನ್ನೇ ಇನ್ನೊಮ್ಮೆ ಹಾಕಿಕೊಂಡು ಕೇಳಿ. ‘ಎವ್ರಿಬಡಿ ಹರ್ಟ್ಸ್’ನ ಮೂಲ ಬಹುಮಟ್ಟಿಗೆ ಡ್ರಮ್ಸ್ ನುಡಿಸುವ ಬಿಲ್ ಬೆರಿಯದು. ಆದರೆ ಹಾಡಿನ ಬಹುಭಾಗ ತಾಳ ಹಿಡಿಯುವುದು ಒಂದು ಸಾಮಾನ್ಯ ಡ್ರಮ್ ಮಷೀನ್. ಟಕ್, ಟಕ್ ಎಂದು ಭಾವವೇ ಇಲ್ಲದೆ ಸಾಗುತ್ತದೆ. ನಿಜವಾದ ಡ್ರಮ್ಸ್ ಬರುವುದು ತುಂಬ ತಡವಾಗಿ, ಪಿಟೀಲುಗಳು ಮೇಲೇಳುವ ಹೊತ್ತಿಗೆ. ಸೋತು ಕೂತವನ ಪಕ್ಕ ಬಂದು ಕೂತವರು ಮೊದಲು ಸುಮ್ಮನಿದ್ದು, ಆಮೇಲೆ ಭುಜಕ್ಕೆ ಕೈ ಹಾಕಿದ ಹಾಗೆ. ಮೊದಲ ಸಾಲಿನಿಂದಲೇ ಡ್ರಮ್ಸ್ ಬಡಿದಿದ್ದರೆ ಈ ಹಾಡು ಎಂದೋ ಸವಕಲಾಗುತ್ತಿತ್ತು. ಇನ್ನೊಂದು ವಿಷಯ. 1983ರ ಮೊದಲ ಆಲ್ಬಮ್ ‘ಮರ್ಮರ್’ನಲ್ಲಿ ಸ್ಟೈಪ್ ಹಾಡುವ ಮಾತು ಏನೆಂದು ಇಂಗ್ಲಿಷ್ ಮನೆಮಾತಿನವರಿಗೇ ತಿಳಿಯುತ್ತಿರಲಿಲ್ಲ. ಅಂಥವನು ಇಲ್ಲಿ ಒಂದೊಂದು ಪದವನ್ನೂ ಬಿಡಿಸಿ ಹೇಳುತ್ತಾನೆ. ಹದಿಹರೆಯದವರಿಗೆ ನೇರವಾಗಿ ಮುಟ್ಟಲಿ ಎಂದೇ ಅಷ್ಟು ಸರಳವಾಗಿ ಬರೆದದ್ದು ಎಂದು ಬಕ್ ಆಮೇಲೆ ವಿವರಿಸಿದ್ದಾರೆ. ಬ್ರಿಟನ್ನಿನಲ್ಲಿ ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗೆ ನೆರವಾಗುವ ಸಮಾರಿಟನ್ಸ್ ಸಂಸ್ಥೆ 1995ರಲ್ಲಿ ಈ ಹಾಡಿನ ಸಾಲುಗಳನ್ನೇ ತನ್ನ ಜಾಹೀರಾತಿಗೆ ಬಳಸಿತು.

ಈ ಹಾಡಿನ ಸ್ಟ್ರಿಂಗ್ಸ್ (ಪಿಟೀಲಿನಂಥ ತಂತಿವಾದ್ಯಗಳ) ಸಂಯೋಜನೆ ಬ್ರಿಟಿಷ್ ರಾಕ್ ತಂಡ ಲೆಡ್ ಝೆಪೆಲಿನ್‌ನ ಜಾನ್ ಪಾಲ್ ಜೋನ್ಸ್ ಅವರದು. ಒಟ್ಟು ನಾಲ್ಕು ಹಾಡಿಗೆ ಅವರು ಮಾಡಿಕೊಟ್ಟರು. ಪಿಟೀಲು ಬಂದರೆ ಹಾಡು ಕಣ್ಣೀರಿಗೆ ಜಾರುವ ಅಪಾಯ ಯಾವಾಗಲೂ ಇರುತ್ತದೆ. ಜೋನ್ಸ್ ಎಲ್ಲಿಯೂ ಜಾರಲು ಬಿಟ್ಟಿಲ್ಲ.

ಈಗ ನಿಮಗೆ ಹತ್ತದ ಹಾಡುಗಳಿಗೆ ಬರೋಣ. ‘ಟ್ರೈ ನಾಟ್ ಟು ಬ್ರೀದ್’ನಲ್ಲಿ ಮಾತಾಡುವುದು ಸಾವಿಗೆ ಸಿದ್ಧವಾಗಿರುವ ಒಂದು ಮುದಿ ಜೀವ. ನನ್ನ ಆಯುಷ್ಯ ಸಾಕು, ನಾನು ಕಂಡದ್ದನ್ನು ನೀನು ಕಾಣಲಾರೆ, ಆದರೆ ನನ್ನನ್ನು ನೆನಪಿಟ್ಟುಕೋ ಎನ್ನುತ್ತದೆ. ಅಷ್ಟು ಭಾರದ ಮಾತು ತೂಗಾಡುವ ಲಯದಲ್ಲಿ ಬರುವುದರಿಂದ ಮೊದಲ ಸಲ ಕೇಳುವವರಿಗೆ ಹಗುರಾದ ಹಾಡು ಎಂದೇ ತೋರುತ್ತದೆ. ‘ಸ್ವೀಟ್‌ನೆಸ್ ಫಾಲೋಸ್’ ಅಪ್ಪ ಅಮ್ಮನನ್ನು ಮಣ್ಣು ಮಾಡಲು ಸಿದ್ಧವಾಗುತ್ತಿರುವ ಮಕ್ಕಳ ಹಾಡು. ಬದುಕಿದ್ದಾಗ ತಮ್ಮ ತಮ್ಮ ಸಣ್ಣ ಬದುಕುಗಳಲ್ಲೇ ಮುಳುಗಿ ದೂರ ಉಳಿದವರು ಅವರು. ಕೆಳಗೆ ಚೆಲ್ಲೊ ಎಳೆಯುತ್ತಿರುತ್ತದೆ, ಅದರ ಮೇಲೆ ಗಿಟಾರಿನ ಕರ್ಕಶ ಗುಂಯ್‌ಗುಟ್ಟುವಿಕೆ. ಕಾಲೇಜು ದಿನಗಳಲ್ಲಿ ನಾನು ಇದನ್ನು ದಾಟಿಸಿ ಮುಂದಿನ ಹಾಡಿಗೆ ಹೋಗುತ್ತಿದ್ದೆ. ಅಪ್ಪ ತೀರಿಹೋದ ವರ್ಷ, ಊರಿನ ಮನೆಯ ವಿಚಾರಕ್ಕೆ ನಾನೂ ಅಣ್ಣನೂ ಸರಿಯಾಗಿ ಮಾತಾಡದೆ ಇದ್ದಾಗ, ಆ ಕರ್ಕಶ ದನಿ ಅಲ್ಲಿ ಏಕೆ ಬೇಕಿತ್ತು ಎಂದು ತಿಳಿಯಿತು. ದುಃಖದ ಒಳಗೆ ಸಿಟ್ಟೂ ಇರುತ್ತದೆ. ಆ ಹಾಡು ಅದನ್ನು ಮುಚ್ಚಿಡುವುದಿಲ್ಲ.

ಎಲ್ಲವೂ ಇಷ್ಟೇ ಚೆನ್ನಾಗಿವೆ ಎಂದು ನಾನು ಹೇಳುವುದಿಲ್ಲ. ‘ಇಗ್ನೋರ್‌ಲ್ಯಾಂಡ್’ ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್ ಮತ್ತು ಹಿರಿಯ ಬುಷ್ ಆಡಳಿತದ ವರ್ಷಗಳ ಮೇಲಿನ ಕೋಪ. ಕೋಪ ನ್ಯಾಯವೇ, ಆದರೆ ಈ ಆಲ್ಬಮ್ಮಿನ ನಡುವೆ ಅದು ಬೇರೆ ಮನೆಯಿಂದ ಬಂದಂತಿದೆ. ‘ಮ್ಯಾನ್ ಆನ್ ದ ಮೂನ್’ ಹಾಗಲ್ಲ. ಅದು 35ನೇ ವಯಸ್ಸಿಗೆ, 1984ರಲ್ಲಿ ತೀರಿಕೊಂಡ ಹಾಸ್ಯಗಾರ ಆಂಡಿ ಕಾಫ್‌ಮನ್ ಕುರಿತದ್ದು. ಅವನು ಸತ್ತಿಲ್ಲ, ಇದೂ ಅವನದೊಂದು ಆಟ ಎಂದು ನಂಬಿದವರು ಬಹಳ ಜನ ಇದ್ದರು. ಸಂಗೀತ ಸಿದ್ಧವಾಗಿ ಎಷ್ಟೋ ಕಾಲವಾದರೂ ಸ್ಟೈಪ್‌ಗೆ ಮಾತು ಹುಟ್ಟಿರಲಿಲ್ಲ. ಸಿಯಾಟಲ್‌ನಲ್ಲಿ ಮಿಕ್ಸಿಂಗ್ ಮುಗಿಯುವ ಕೊನೆಯ ದಿನಗಳಲ್ಲಿ ಬರೆದು ಹಾಡಿದ. ಅಷ್ಟು ಸಾವಿನ ಹಾಡುಗಳ ನಡುವೆ, ಸಾವನ್ನೇ ನಂಬಲೊಲ್ಲದ ಈ ಹಾಡು ಕೇಳುವವರಿಗೆ ಉಸಿರು ಬಿಡಲು ಜಾಗ ಕೊಡುತ್ತದೆ.

ಆಮೇಲೆ ‘ನೈಟ್‌ಸ್ವಿಮಿಂಗ್’. ಗಿಟಾರ್ ಇಲ್ಲ, ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ನಾಲ್ವರಲ್ಲಿ ಇಬ್ಬರೇ: ಪಿಯಾನೊದಲ್ಲಿ ಮೈಕ್ ಮಿಲ್ಸ್, ಹಾಡಲು ಸ್ಟೈಪ್. ಪಿಯಾನೊ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತದೆ, ಪಲ್ಲವಿ ಎಂಬುದೇ ಬರುವುದಿಲ್ಲ. ಗೆಳೆಯರ ಜತೆ ಕತ್ತಲಲ್ಲಿ ಈಜಿದ ದಿನಗಳು, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹಳೆಯದೊಂದು ಫೋಟೊ. ನೀವು ನೆನಪಿನ ಮೋಹ ಎಂದಿರಲ್ಲ, ಈ ಹಾಡು ನಿಮಗಿಂತ ಮೊದಲೇ ಅದನ್ನೇ ಎತ್ತಿಕೊಂಡು ಪರೀಕ್ಷಿಸುತ್ತದೆ. ಹಳೆಯದು ಚೆನ್ನಾಗಿತ್ತು ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಅದು ಹಾಗೇ ಇತ್ತೋ ಇಲ್ಲವೋ ಎಂಬ ಅನುಮಾನವೂ, ಮರಳಿ ಸಿಗದು ಎಂಬ ಅರಿವೂ ಒಟ್ಟಿಗೆ ಹರಿಯುತ್ತವೆ. ಪಿಟೀಲುಗಳ ನಂತರ ಓಬೋ ಎಂಬ ಊದುವ ವಾದ್ಯ ಒಂದು ಸಣ್ಣ ಎಳೆಯಾಗಿ ಬಂದು ಸೇರುವ ಜಾಗವಿದೆ. ರಾಕ್ ಸಂಗೀತದಲ್ಲಿ ನನಗೆ ಅದಕ್ಕಿಂತ ಪ್ರಿಯವಾದ ಕ್ಷಣ ಇನ್ನೊಂದಿಲ್ಲ.

ಹಾಗಾದರೆ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹರೆಯದ ನೆನಪಷ್ಟೇ ಕಾರಣವಾಗಿದ್ದರೆ, ಹರೆಯದಲ್ಲಿ ಹತ್ತಿದ ಹಾಡುಗಳೇ ಇಂದಿಗೂ ಉಳಿಯಬೇಕಿತ್ತು. ಆದದ್ದು ತಿರುಗುಮುರುಗು. ಆಗ ಬಿಟ್ಟುಹೋದ ಹಾಡುಗಳೇ ಈಗ ನನ್ನನ್ನು ಕರೆಯುತ್ತವೆ. ಈ ಆಲ್ಬಮ್ ತನ್ನನ್ನು ಮಾಡಿದವರ ವಯಸ್ಸಿಗಿಂತ ಹಿರಿಯದು. ಕೇಳುವವರು ಅದರ ವಯಸ್ಸನ್ನು ಮುಟ್ಟಲು ಒಂದಷ್ಟು ವರ್ಷ ಹಿಡಿಯುತ್ತದೆ.

ಇನ್ನು, ಕೇಳುವುದು ಹೇಗೆ? ಬಿಡಿ ಹಾಡುಗಳನ್ನು ಹೆಕ್ಕಬೇಡಿ. ನಲವತ್ತೆಂಟು ನಿಮಿಷ ಸಾಕು, ಒಮ್ಮೆ ಕೂತು ಮೊದಲಿಂದ ಕೊನೆಯವರೆಗೆ ಕೇಳಿ. ಕೊನೆಯ ‘ಫೈಂಡ್ ದ ರಿವರ್’ನಲ್ಲಿ ಹಿಂದಿನಿಂದ ಬರುವ ಎರಡು ದನಿಗಳ ಮೇಲೆ ಗಮನವಿಡಿ. ಬೆರಿ ಮತ್ತು ಮಿಲ್ಸ್ ಒಬ್ಬರದನ್ನೊಬ್ಬರು ಕೇಳಿಸಿಕೊಳ್ಳದೆ ಬೇರೆ ಬೇರೆಯಾಗಿ ಹಾಡಿದ್ದನ್ನು ಆಮೇಲೆ ಕೂಡಿಸಿದ್ದಾರೆ. ಒಂದು ಭಾವ ತುಂಬಿ ಉಕ್ಕುತ್ತದೆ, ಇನ್ನೊಂದು ತಣ್ಣಗೆ ನಿಂತಿರುತ್ತದೆ. ಇಷ್ಟವಾದರೆ 2017ರ ಇಪ್ಪತ್ತೈದನೇ ವರ್ಷದ ಆವೃತ್ತಿಯನ್ನೂ ಹುಡುಕಿ. ಈ ಆಲ್ಬಮ್ಮಿಗಾಗಿ ಅವರು ಪ್ರವಾಸವನ್ನೇ ಮಾಡಲಿಲ್ಲ. 1992ರ ನವೆಂಬರ್‌ನಲ್ಲಿ ತಮ್ಮ ಊರಿನ ‘40 ವಾಟ್ ಕ್ಲಬ್’ನಲ್ಲಿ ನುಡಿಸಿದ ಕಛೇರಿಯ ರೆಕಾರ್ಡಿಂಗ್ ಆ ಆವೃತ್ತಿಯಲ್ಲಿದೆ, ಜತೆಗೆ ಹಾಡುಗಳ ಡೆಮೊಗಳೂ (ಮೊದಲ ಕರಡು ರೆಕಾರ್ಡಿಂಗ್‌ಗಳು) ಇವೆ.