ಮನೆಯಲ್ಲೇ ಕಾರಿನ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳಲು ಕಡಿಮೆ ಬೆಲೆಯ ಟೂಲ್ ಸೆಟ್ ಯಾವುದು?

ದಾವಣಗೆರೆಯಲ್ಲಿದ್ದೇನೆ, 2014ರ ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್ ಇದೆ, ಬಜೆಟ್ ನಾಲ್ಕು ಸಾವಿರ, ಆನ್‌ಲೈನ್‌ನಲ್ಲಿ 108 ಪೀಸಿನ ಸೆಟ್ ನೋಡಿದ್ದೇನೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ ಅನ್ನುತ್ತೇನೆ.

ಆ 108ರಲ್ಲಿ ಏನೇನಿದೆ ಅಂತ ಫೋಟೋ ದೊಡ್ಡದು ಮಾಡಿ ಎಣಿಸಿ ನೋಡಿ. ಹೆಚ್ಚು ಕಡಿಮೆ ಅರ್ಧದಷ್ಟು ಬೆರಳಿನ ಉಗುರಿನಷ್ಟಿರುವ ಸ್ಕ್ರೂ ಡ್ರೈವರ್ ಬಿಟ್‌ಗಳು. ಕೆಲವು ಸೆಟ್‌ಗಳಲ್ಲಿ ಇಂಚಿನ ಅಳತೆಯ ಸಾಕೆಟ್‌ಗಳೂ (ಬೋಲ್ಟಿನ ತಲೆ ಮೇಲೆ ಟೊಪ್ಪಿಯಂತೆ ಕೂರುವ ತುಂಡುಗಳು) ಸೇರಿರುತ್ತವೆ. ನಿಮ್ಮ ಕಾರಿನ ಬೋಲ್ಟ್‌ಗಳು ಮಿಲಿಮೀಟರ್ ಅಳತೆಯವು, ಇಂಚಿನವು ಸುಮ್ನೆ ಡಬ್ಬಿಯಲ್ಲಿ ಮಲಗಿರುತ್ತವೆ. ಪೀಸು ಜಾಸ್ತಿ ತೋರಿಸಬೇಕು ಅಂತಲೇ ಇವನ್ನೆಲ್ಲ ತುಂಬುವುದು.

ಮೊದಲು ಯಾವ ಕೆಲಸ ಮಾಡುತ್ತೀರಿ ಅಂತ ಬರೆದುಕೊಳ್ಳಿ. ಏರ್ ಫಿಲ್ಟರ್ ತೆಗೆದು ನೋಡುವುದು, ಬ್ಯಾಟರಿ ಟರ್ಮಿನಲ್ ಕ್ಲೀನ್ ಮಾಡುವುದು, ಸ್ಪಾರ್ಕ್ ಪ್ಲಗ್, ಹೆಡ್‌ಲೈಟ್ ಬಲ್ಬ್, ವೈಪರ್, ಸ್ಟೆಪ್ನಿ ಹಾಕುವುದು. ಮನೆ ಮುಂದೆ ನಿಲ್ಲಿಸಿಕೊಂಡು ಮಾಡುವ ಕೆಲಸ ಇಷ್ಟೇ ಅಲ್ವಾ? ಇದರಲ್ಲೂ ವೈಪರ್, ಬಲ್ಬಿಗೆ ಕೈಯೇ ಸಾಕು. ಏರ್ ಫಿಲ್ಟರ್‌ಗೂ ಹೆಚ್ಚೆಂದರೆ ಕ್ಲಿಪ್ಪೋ ಒಂದೆರಡು ಸ್ಕ್ರೂವೋ. ಅದನ್ನಂತೂ ನೀವೇ ನೋಡಿಕೊಳ್ಳಿ. ಜಗಳೂರು, ಚಳ್ಳಕೆರೆ ಕಡೆ ಓಡಾಡುವ ಕಾರಿನ ಫಿಲ್ಟರ್ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಮುಟ್ಟುವ ಮೊದಲೇ ಧೂಳು ಕುಡಿದು ಕಪ್ಪಾಗಿರುತ್ತದೆ.

ಈಗ ಅಳತೆ. ಮಾರುತಿಯಲ್ಲಿ ಮತ್ತೆ ಮತ್ತೆ ಸಿಗುವುದು 8, 10, 12, 14, 17, 19 ಎಂಎಂ. ಬ್ಯಾಟರಿ ಟರ್ಮಿನಲ್‌ಗೆ 10, ಚಕ್ರದ ನಟ್ಟಿಗೆ 19. 10ನೇ ನಂಬರ್ ಮಾತ್ರ ಎರಡು ಇಟ್ಟುಕೊಳ್ಳಿ. ಎಂಜಿನ್ ಸಂದಿಗೆ ಬಿದ್ದು ಕಾಣೆಯಾಗುವುದು ಯಾವಾಗಲೂ ಅದೇ. (ಇದನ್ನು ಓದುವ ಬೇರೆಯವರಿಗೆ: ಟಾಟಾ, ಮಹೀಂದ್ರಾದಲ್ಲಿ 13 ಕೂಡ ಬೇಕಾಗುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ಇದ್ದರೆ ಆರು ಮೂಲೆ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಇಲ್ಲದೆ ಕೈ ಹಾಕಬೇಡಿ.)

ದುಡ್ಡಿನ ದೊಡ್ಡ ಪಾಲು ಸಾಕೆಟ್ ಸೆಟ್‌ಗೆ ಹೋಗಲಿ. ಅಂಗಡಿಯಲ್ಲಿ ಅರ್ಧ ಇಂಚಿನ ಡ್ರೈವ್ (ಹಿಡಿಕೆಯನ್ನು ಸಾಕೆಟ್‌ಗೆ ಸೇರಿಸುವ ಚೌಕದ ತುದಿ, ಇದರ ಅಳತೆ ಮಾತ್ರ ಇಂಚಿನಲ್ಲೇ) ಇರುವುದನ್ನೇ ಮೊದಲು ಮುಂದಿಡುತ್ತಾರೆ. ಲಾರಿ, ಟ್ರ್ಯಾಕ್ಟರ್‌ನವರಿಗೆ ಅದು ಸರಿ. ವ್ಯಾಗನ್ ಆರ್ ಬಾನೆಟ್ ಒಳಗೆ ಅಷ್ಟು ದೊಡ್ಡ ಹಿಡಿಕೆ ತಿರುಗಲು ಜಾಗವೇ ಇರುವುದಿಲ್ಲ. ಜೊತೆಗೆ ಆ ಉದ್ದದ ಹಿಡಿಕೆಯಿಂದ 10ರ ಬೋಲ್ಟ್ ಬಿಗಿ ಮಾಡಲು ಹೋದರೆ ಬೋಲ್ಟಿನ ಕತ್ತು ಮುರಿಯುವುದು ಸಲೀಸು. 3/8 ಇಂಚಿನ ಡ್ರೈವ್ ಕೇಳಿ. ಸಾಕೆಟ್ ಒಳಗೆ ಇಣುಕಿ ನೋಡಿ, ಆರು ಮೂಲೆ ಇರಬೇಕು. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ತುಕ್ಕು ಹಿಡಿದ ಹಳೆ ಬೋಲ್ಟಿನ ಮೂಲೆ ಸವೆಸಿಬಿಡುತ್ತದೆ. ಒಮ್ಮೆ ಮೂಲೆ ಹೋದರೆ ಅದನ್ನು ತೆಗೆಯಲು ವೆಲ್ಡಿಂಗ್‌ನವರ ಹತ್ತಿರ ಹೋಗಬೇಕಾಗುತ್ತದೆ.

ರ‍್ಯಾಚೆಟ್ಟನ್ನು (ಸಾಕೆಟ್ ತಿರುಗಿಸುವ ಟಕಟಕ ಅನ್ನುವ ಹಿಡಿಕೆ) ಅಂಗಡಿಯಲ್ಲೇ ತಿರುಗಿಸಿ ನೋಡಿ. 24 ಹಲ್ಲಿನದಾದರೆ ಒಂದೊಂದು ಕ್ಲಿಕ್ಕಿಗೆ ಹಿಡಿಕೆ 15 ಡಿಗ್ರಿ ಸರಿಯಬೇಕು, 72 ಹಲ್ಲಿನದಾದರೆ 5 ಡಿಗ್ರಿ ಸಾಕು. ಇಕ್ಕಟ್ಟಿನಲ್ಲಿ ಕೈ ಹಾಕಿದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ತಲೆ ಲೊಡಲೊಡ ಅಲ್ಲಾಡಿದರೆ ಬೇರೆ ತೋರಿಸಿ ಅನ್ನಿ. ಈ ಕಾರಣಕ್ಕೇ ನಾನು ಆನ್‌ಲೈನ್‌ಗಿಂತ ಮಂಡಿಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಗಳನ್ನೋ ಪಿ.ಬಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೋ ಸುತ್ತಿ ಬನ್ನಿ ಅನ್ನುವುದು. ಬಿಲ್ ಕೇಳಿ ತಗೊಳ್ಳಿ, ಹೆಸರಾದ ಕಂಪನಿಗಳ ನಕಲಿ ಮಾಲೂ ಓಡಾಡುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚುವ ಸಾಕೆಟ್ ಬೇರೆಯಾಗಿ ತಗೊಳ್ಳಿ. ನಿಮ್ಮದು ಕೆ ಸೀರೀಸ್ ಎಂಜಿನ್, 16 ಎಂಎಂ ಬೇಕು. ಹಳೆ ಮಾರುತಿ 800ರ 21 ಎಂಎಂ ಇದಕ್ಕೆ ಆಗುವುದಿಲ್ಲ. ಪ್ಲಗ್ ಆಳದಲ್ಲಿರುವುದರಿಂದ ಉದ್ದನೆಯ ಎಕ್ಸ್‌ಟೆನ್ಷನ್ (ಸಾಕೆಟ್‌ಗೂ ಹಿಡಿಕೆಗೂ ನಡುವೆ ಹಾಕುವ ಸರಳು) ಕೂಡ ಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ, ಹೊಸದನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ.

ಸ್ಪ್ಯಾನರ್ ಪೂರ್ತಿ ಸೆಟ್ ಬೇಡ, ಬಿಡಿಯಾಗಿ ಸಿಗುತ್ತವೆ. ರಿಂಗ್ ಸ್ಪ್ಯಾನರ್ (ಎರಡೂ ತುದಿ ಬಳೆಯಂತಿರುವುದು) 10×11, 12×13, 14×15 ಇಷ್ಟು ಸಾಕು. ಟಪಾರಿಯಾ ಅಂದರೆ ಯಾವ ಅಂಗಡಿಯಲ್ಲೂ ಕೊಡುತ್ತಾರೆ, ಮನೆಬಳಕೆಗೆ ಅದು ಬೇಕಾದಷ್ಟಾಯಿತು. ಅದೇ ಕಂಪನಿಯ ಕಟಿಂಗ್ ಪ್ಲೇಯರ್ ಒಂದು, ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂ ಡ್ರೈವರ್ ಒಂದೊಂದು.

ಐನೂರು ರೂಪಾಯಿ ಒಳಗೆ ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬ್ಯಾಟರಿ ಆಯಸ್ಸು ಕಡಿಮೆಯಾಗುತ್ತದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮೊದಲು ಅಳೆದರೆ 12.6 ವೋಲ್ಟ್ ಆಸುಪಾಸು ಇರಬೇಕು. 12.2 ಬಂದರೆ ಚಾರ್ಜ್ ಅರ್ಧಕ್ಕೆ ಇಳಿದಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ತೋರಿಸಬೇಕು. ತೋರಿಸದಿದ್ದರೆ ತಪ್ಪು ಬ್ಯಾಟರಿಯದೇ ಅಂದುಕೊಳ್ಳಬೇಡಿ, ಮೊದಲು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಕಡೆ ನೋಡಿಸಿ. ಇಷ್ಟು ಗೊತ್ತಿದ್ದರೆ ಬೇಡದ ಹೊಸ ಬ್ಯಾಟರಿಯ ಖರ್ಚು ತಪ್ಪುತ್ತದೆ. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಲ್ಟಾ ಮಾಡಿದರೆ ಪ್ಲಸ್ ಬಿಚ್ಚುವ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿ ಕಿಡಿ ಹಾರುತ್ತದೆ.

ಇನ್ನು ಚಕ್ರ. ಕಾರಿನ ಜೊತೆ ಬರುವ ಎಲ್ ಆಕಾರದ ವೀಲ್ ಸ್ಪ್ಯಾನರ್ ಗಿಡ್ಡ. ಪಂಕ್ಚರ್ ಅಂಗಡಿಯವರು ಗಾಳಿ ಗನ್ನಿನಲ್ಲಿ ಬಿಗಿದ ನಟ್ಟು ಅದಕ್ಕೆ ಜಗ್ಗುವುದಿಲ್ಲ. ಚಿತ್ರದುರ್ಗಕ್ಕೆ ಹೊರಟು ಭರಮಸಾಗರದ ಹತ್ತಿರ ರಾತ್ರಿ ಪಂಕ್ಚರ್ ಆದರೆ ಹೈವೇ ಪಕ್ಕ ಅದರ ಮೇಲೆ ಹತ್ತಿ ಕುಣಿಯಬೇಕಾಗುತ್ತದೆ. ಪ್ಲಸ್ ಆಕಾರದ್ದು ಅಥವಾ ಹಿಡಿಕೆ ಎಳೆದು ಉದ್ದ ಮಾಡುವಂಥದ್ದು ಒಂದನ್ನು ಡಿಕ್ಕಿಯಲ್ಲಿಡಿ. ನಟ್ಟುಗಳನ್ನು ಚಕ್ರ ನೆಲದಲ್ಲಿದ್ದಾಗಲೇ ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಜಾಕಿ ಎತ್ತಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕಂಪನಿ ಕೊಟ್ಟ ಜಾಕಿ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ಕಾರು ನಿಲ್ಲಿಸಿ ಯಾವ ಕಾರಣಕ್ಕೂ ಕೆಳಗೆ ನುಗ್ಗಬೇಡಿ, ಪಕ್ಕದಲ್ಲಿ ಇಟ್ಟಿಗೆ ಜೋಡಿಸಿದ್ದೇನೆ ಅಂತ ಧೈರ್ಯವನ್ನೂ ಮಾಡಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಭಾರ ಬಿದ್ದಾಗ ಒಮ್ಮೆಲೇ ಪುಡಿಯಾಗುತ್ತವೆ. ಕೆಳಗೆ ಹೋಗುವ ಕೆಲಸವಿದ್ದರೆ ಒಂದು ಜೊತೆ ಜಾಕ್ ಸ್ಟ್ಯಾಂಡ್ (ಎತ್ತಿದ ಕಾರಿನ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡ್) ಬೇಕು, ಅದೂ ಸಮತಟ್ಟಾದ ಗಟ್ಟಿ ನೆಲದ ಮೇಲೆ. ನಿಮ್ಮ ನಾಲ್ಕು ಸಾವಿರದಲ್ಲಿ ಅದು ಹಿಡಿಯುವುದಿಲ್ಲವಾದರೆ ಆಯಿಲ್ ಬದಲಾವಣೆಯನ್ನು ಗ್ಯಾರೇಜಿಗೇ ಬಿಡಿ. ಹೇಗಿದ್ದರೂ ಹಳೆ ಆಯಿಲ್ ಚರಂಡಿಗೆ ಸುರಿಯುವಂತಿಲ್ಲ, ಅದನ್ನು ಹೊತ್ತುಕೊಂಡು ತಿರುಗುವುದು ಬೇರೆ.

ಟಾರ್ಕ್ ರೆಂಚ್ (ಹೇಳಿದಷ್ಟೇ ಬಿಗಿ ಮಾಡಲು ಅಳತೆ ಇರುವ ಹಿಡಿಕೆ) ಈಗಲೇ ಬೇಡ. ಬ್ರೇಕ್ ಕೆಲಸಕ್ಕೆ ಕೈ ಹಾಕುವ ಮಟ್ಟಕ್ಕೆ ಬಂದಾಗ ತಗೊಳ್ಳಿ. ಅಲ್ಲಿಯವರೆಗೆ ಸ್ಟೆಪ್ನಿ ಹಾಕಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ.