ಬಚ್ಚಲ ನೋಡಿ ಹೊರಟುಹೋಗುವ ಬಾಡಿಗೆದಾರರು

ಪ್ರಶ್ನೆ: ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮವು ಕೆಳಗೊಂದು, ಮೇಲೊಂದು ಬಾಡಿಗೆ ಮನೆ. ಜಳಕದ ನೀರಿಗೆ ಕಟ್ಟಿಗೆ ಬಂಬ ಇದೆ. ನೋಡಲು ಬಂದವರು ಬಚ್ಚಲ ನೋಡಿದ ಕೂಡಲೇ ‘ಆಮೇಲೆ ಹೇಳ್ತೀವ್ರಿ’ ಅಂತ ಹೋಗುತ್ತಾರೆ. ಸೋಲಾರ್ ಹಾಕಿಸಲೇ, ಗೀಸರ್ ಸಾಕೇ?

ಉತ್ತರ: ಮೊದಲು ಗೀಸರ್ ಹಾಕಿಸಿ. ವಿಜಯಪುರದ ಬಿಸಿಲಿಗೆ ಸೋಲಾರ್ ಒಂದೇ ಬಹುತೇಕ ಸಾಕಾದೀತು. ಬೆಳಗಾವಿಯ ಮಳೆಗಾಲದಲ್ಲಿ ಅದು ಕೈಕೊಡುತ್ತದೆ.

ವಿದ್ಯಾರ್ಥಿಗಳಿಗೆ ಕೊಡುವುದಾದರೆ ಅಷ್ಟೇ ಸಾಕು. ಸಂಸಾರಸ್ಥರು ಮಾತ್ರ ಕರೆಂಟ್ ಬಿಲ್ಲಿನ ಲೆಕ್ಕ ಹಾಕಿಯೇ ಬರುತ್ತಾರೆ. 20 ಲೀಟರಿನ ಒಂದು ಬಕೆಟ್ ನೀರು ಜಳಕದ ಹದಕ್ಕೆ ಕಾಯಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ಕು ಜನಕ್ಕೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಅದಕ್ಕೇ ‘ಸೋಲಾರ್ ಐತೇನ್ರಿ?’ ಎಂದು ಕೇಳುವುದು.

3 ಲೀಟರಿನ ಇನ್‌ಸ್ಟಂಟ್ ಗೀಸರ್ ಅಗ್ಗ, ಆದರೆ ಚಳಿಗಾಲದಲ್ಲಿ ಒಂದು ಬಕೆಟ್ ತುಂಬಲು ಹತ್ತು ನಿಮಿಷ. ಸಂಸಾರಕ್ಕೆ 25 ಲೀಟರಿನದು ಹಾಕಿಸಿ. 2 ಕಿಲೋವ್ಯಾಟಿನದಾದರೆ ಅರ್ಧ ಗಂಟೆಯಲ್ಲಿ ಕಾಯುತ್ತದೆ, ತಣ್ಣೀರು ಬೆರೆಸಿದರೆ ಎರಡು ಬಕೆಟ್ ಚೆನ್ನಾಗಿ ಆಗುತ್ತದೆ. ಹಳೇ ಮನೆಯಾದ್ದರಿಂದ ಬಲ್ಬಿನ ಲೈನಿಗೇ ಜೋಡಿಸಬೇಡಿ. ಮೀಟರ್ ಬೋರ್ಡಿನಿಂದ 2.5 ಚದರ ಮಿಲಿಮೀಟರ್ ತಾಮ್ರದ ಬೇರೆ ವೈರು, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಬೇಕು.

ಬೋರಿನ ಗಡಸು ನೀರಿದ್ದರೆ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ನೀರು ಕಾಯುವುದು ತಡ, ಕಡೆಗೆ ಕಾಯಿಲ್ ಸುಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಆನೋಡ್ ರಾಡ್ ಸವೆದಿದ್ದರೆ ಬದಲಿಸಿ. ಈ ಖರ್ಚು ಯಾರದೆಂದು ಕರಾರುಪತ್ರದಲ್ಲೇ ಬರೆಯಿರಿ. ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ ಎಂದು ಕೆಲವರು ಅದಕ್ಕೆ ಬೂಚು ಹಾಕಿಬಿಡುತ್ತಾರೆ. ಒತ್ತಡ ಹೋಗಲು ದಾರಿಯಿಲ್ಲದೆ ಟ್ಯಾಂಕ್ ಸಿಡಿದೀತು.

ಮುಂದೆ ಸೋಲಾರ್ ಹಾಕಿಸುವಾಗ ಎರಡು ಮನೆಗೆ ಒಂದೇ ಟ್ಯಾಂಕ್ ಬೇಡವೇ ಬೇಡ. ಮೇಲಿನವರು ಆರಕ್ಕೆ ಜಳಕ ಮುಗಿಸಿದರೆ ಕೆಳಗಿನವರಿಗೆ ತಣ್ಣೀರು, ಜಗಳ ನಿಮ್ಮ ಬಾಗಿಲಿಗೆ. ನಾಲ್ವರ ಸಂಸಾರಕ್ಕೆ 200 ಲೀಟರ್ ಲೆಕ್ಕ ಹಿಡಿದು ಪ್ರತ್ಯೇಕ ಟ್ಯಾಂಕ್ ಇಡಿಸಿ. ಬಿಸಿಲಿಲ್ಲದ ದಿನಕ್ಕೆಂದು ಟ್ಯಾಂಕಿನೊಳಗಿರುವ ಕರೆಂಟ್ ಕಾಯಿಲ್‌ಗೆ ಆಯಾ ಮನೆಯ ಮೀಟರಿನಿಂದಲೇ ಲೈನ್ ಕೊಡಿಸಿ. ಮಾಳಿಗೆಯಿಂದ ಕೆಳಮನೆಗೆ 15 ಮೀಟರ್ ಮುಕ್ಕಾಲಿಂಚು ಪೈಪ್ ಹೋದರೆ ಅದರಲ್ಲೇ ನಾಲ್ಕು ಲೀಟರಿನಷ್ಟು ನೀರು ನಿಂತು ಆರಿರುತ್ತದೆ. ಪೈಪಿಗೆ ಫೋಮ್ ಕವಚ ಸುತ್ತಿಸಿ, ಮೊದಲ ನೀರನ್ನು ಬೇರೆ ಬಕೆಟ್‌ಗೆ ಹಿಡಿಯಲು ಬಾಡಿಗೆದಾರರಿಗೆ ಮೊದಲೇ ಹೇಳಿ.

ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಹಾಕಿಸಲೇಬೇಡಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವ ಹೋಗುತ್ತದೆ. ಬಂಬಕ್ಕೂ ಇದೇ ಮಾತು. ಅದನ್ನು ಹಿತ್ತಲಿಗೆ ಸಾಗಿಸಿ, ದೀಪಾವಳಿ ಜಳಕಕ್ಕೆ ಬೇಕಾಗುತ್ತದೆ.