ಮಂಗಳೂರಿನಿಂದ ದಿಬ್ರುಗಢಕ್ಕೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಬೆಳಿಗ್ಗೆ ಮಂಗಳೂರು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ದಿಬ್ರುಗಢ ತಲುಪಬಹುದಾ ಅಂತ ಕೇಳಿದ್ದೀರಿ. ರಾತ್ರಿ ಊಟಕ್ಕೆ ತಲುಪಿದರೂ ನಿಮ್ಮ ಪುಣ್ಯ.

ನನ್ನ ತಮ್ಮ ಅಸ್ಸಾಮಿನಲ್ಲಿ, ದಿಬ್ರುಗಢದ ಹತ್ತಿರದ ದುಲಿಯಾಜಾನಿನಲ್ಲಿ ಕೆಲಸಕ್ಕಿದ್ದಾನೆ. ಅವನ ಮಗುವಿನ ನಾಮಕರಣಕ್ಕೆ ಹೊರಟಾಗ ನಾನೂ ನಿಮ್ಮ ಹಾಗೇ ಮ್ಯಾಪಿನಲ್ಲಿ ಗೆರೆ ಎಳೆದು ನೋಡಿದೆ. ಸುಮಾರು 2,640 ಕಿ.ಮೀ. ಗಂಟೆಗೆ 800ರಂತೆ ಹಿಡಿದರೆ, ಹತ್ತುವುದು ಇಳಿಯುವುದು ಸೇರಿ ಮೂರೂವರೆ ಗಂಟೆ ಚಿಲ್ಲರೆ. ಲೆಕ್ಕವೇನೋ ಸರಿ, ಒಡಿಶಾ ದಾಟಿ ಬಾಂಗ್ಲಾದೇಶದ ಮೇಲೆ ಹಾದುಹೋಗುವ ಆ ಗೆರೆಗೆ ವಿಮಾನವೇ ಇಲ್ಲ. ಬೆಂಗಳೂರಿಗೆ 300 ಕಿ.ಮೀ., ಅಲ್ಲಿಂದ ಗುವಾಹಟಿಗೆ 2,000ಕ್ಕೆ ತುಸು ಮೇಲೆ, ಮತ್ತೆ ದಿಬ್ರುಗಢಕ್ಕೆ 370. ಕೂಡಿಸಿದರೂ ದೂರ ಅಷ್ಟೇನೂ ಹೆಚ್ಚಲ್ಲ. ದಿನ ತಿನ್ನುವುದು ನಡುವಿನ ಕಾಯುವಿಕೆ.

ನನಗೆ ಹೊಡೆತ ಬಿದ್ದದ್ದು ಟಿಕೆಟ್ಟಿನಲ್ಲಿ. ಒಂದೂವರೆ ಸಾವಿರ ಉಳಿಯುತ್ತದೆಂದು ಬೆಂಗಳೂರಿನವರೆಗೆ ಒಂದು ಕಂಪನಿಯದು, ಮುಂದಕ್ಕೆ ಇನ್ನೊಂದರದು, ಹೀಗೆ ಎರಡು ಬೇರೆ ಬೇರೆ ಬುಕಿಂಗ್, ಅಂದರೆ ಎರಡು ಪಿಎನ್‌ಆರ್ ಮಾಡಿಸಿದೆ. ನಡುವೆ ಎರಡು ಗಂಟೆ ಇದೆಯಲ್ಲ, ಸಾಕು ಅಂದುಕೊಂಡೆ. ಆ ಎರಡು ಗಂಟೆ ಎಲ್ಲಿ ಹೋಯಿತು ಕೇಳಿ. ಜುಲೈ ತಿಂಗಳು. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಮಳೆಗೆ ಕಾಣುತ್ತಲೇ ಇರಲಿಲ್ಲ. ನಮ್ಮನ್ನು ಹತ್ತಿಸಿಕೊಳ್ಳಬೇಕಾದ ವಿಮಾನವೇ ತಡವಾಗಿ ಇಳಿಯಿತು, ಮುಕ್ಕಾಲು ಗಂಟೆ ಖೋತಾ. ಪಿಎನ್‌ಆರ್ ಬೇರೆ ಬೇರೆಯಾದ್ದರಿಂದ ಲಗೇಜು ತಾನಾಗಿ ಮುಂದೆ ಹೋಗುವುದಿಲ್ಲ; ಬೆಂಗಳೂರಿನ ಬೆಲ್ಟಿನಿಂದ ಎತ್ತಿಕೊಂಡು, ಹೊರಗೆ ಬಂದು, ಮತ್ತೆ ಡಿಪಾರ್ಚರ್ ಗೇಟಿನಿಂದ ಒಳಹೊಕ್ಕು ಚೆಕ್-ಇನ್ ಮಾಡಿಸಬೇಕು. ಅಮ್ಮ ಹುರಿಹಗ್ಗದಲ್ಲಿ ಬಿಗಿದುಕೊಟ್ಟಿದ್ದ ಹಲಸಿನ ಹಪ್ಪಳದ ರಟ್ಟಿನ ಡಬ್ಬ, ಒಂದು ಮೂಲೆ ನೆನೆದು ಬಾಯಿಬಿಟ್ಟುಕೊಂಡು, ಎಲ್ಲರ ಸೂಟ್‌ಕೇಸೂ ಹೋದ ಮೇಲೆ ಬಂತು. ಇನ್ನು ಕೌಂಟರ್. ಅದು ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ಅಂದರೆ ನಾನು ಎರಡು ಅಂತ ಎಣಿಸಿದ್ದು ಮೊದಲಿನಿಂದಲೂ ಒಂದೇ ಗಂಟೆ! ಎರಡನೇ ಕಂಪನಿಗೆ ಬಜ್ಪೆಯ ಮಳೆಯ ಗೊಡವೆಯಿಲ್ಲ, ಅವರ ಪಟ್ಟಿಯಲ್ಲಿ ನಾನು ಬಾರದ ಪ್ರಯಾಣಿಕ. ತೆರಿಗೆ ಬಿಟ್ಟರೆ ಚಿಕ್ಕಾಸೂ ವಾಪಸ್ಸಿಲ್ಲ. ಮರುದಿನದ ಟಿಕೆಟ್ಟಿಗೆ ಮೂರು ಪಟ್ಟು ತೆತ್ತು, ನಾಮಕರಣವನ್ನು ವೀಡಿಯೊ ಕಾಲ್‌ನಲ್ಲಿ ನೋಡಿದೆ.

ಆದ್ದರಿಂದ ಕಿಲೋಮೀಟರ್ ವಿಚಾರ ಬಿಡಿ. ಪೂರ್ತಿ ದಾರಿಗೆ ಒಂದೇ ಪಿಎನ್‌ಆರ್ ಮಾಡಿಸಿ. ಬಜ್ಪೆಯಲ್ಲೇ ಲಗೇಜಿನ ಮೇಲೆ ಡಿಐಬಿ (ದಿಬ್ರುಗಢದ ಕೋಡ್) ಅಂತ ಟ್ಯಾಗ್ ಬಿದ್ದಿದೆಯಾ ಕಣ್ಣಾರೆ ನೋಡಿಕೊಳ್ಳಿ. ಮೊದಲ ವಿಮಾನ ತಡವಾದರೆ ನಿಮ್ಮನ್ನು ಮುಂದಿನದಕ್ಕೆ ಹತ್ತಿಸುವ ತಲೆನೋವು ಆಗ ವಿಮಾನ ಕಂಪನಿಯದು. ದೆಹಲಿ ಮೇಲೆ ಹೋಗುವ ಟಿಕೆಟ್ ಅಗ್ಗಕ್ಕೆ ಸಿಕ್ಕೀತು, ಆದರೆ ಅದು 3,500 ಕಿ.ಮೀ. ಸುತ್ತು, ಡಿಸೆಂಬರ್-ಜನವರಿಯ ಮಂಜಿನಲ್ಲಿ ಪುಕ್ಕಟೆ ಕೊಟ್ಟರೂ ನಾನಂತೂ ಆ ದಾರಿ ಹಿಡಿಯುವುದಿಲ್ಲ.

ಚಳಿಗಾಲದಲ್ಲಿ ಹೋಗುವವರಾದರೆ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು ಬೀಳುತ್ತದೆ. ಮೋಹನ್‌ಬಾರಿ ವಿಮಾನ ನಿಲ್ದಾಣದಿಂದ ತಿನ್ಸುಕಿಯಾ ಕಡೆ ಹೋಗುವುದಿದ್ದರೆ ಟ್ಯಾಕ್ಸಿಗೆ ಮೊದಲೇ ಹೇಳಿಡಿ. ಅಲ್ಲಿನ ಚಹಾ ತೋಟಗಳಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟುಕೊಳ್ಳುತ್ತಾರೆ, ಬಾಗಾನ್ ಟೈಮ್ ಅನ್ನುತ್ತಾರೆ ಅದಕ್ಕೆ. ಯಾರಾದರೂ ತೋಟದಿಂದ ಗಾಡಿ ಕಳಿಸುತ್ತೇವೆ ಅಂದರೆ, ಹೇಳಿದ ಸಮಯ ಯಾವ ಗಡಿಯಾರದ್ದು ಅಂತ ಕೇಳಿಟ್ಟುಕೊಳ್ಳಿ.